ವಿಶ್ವವಿದ್ಯಾಲಯಕ್ಕೆ ಮುಕ್ತ ಎಲ್‌ಎಂಎಸ್ ಆರಿಸುವ ಕ್ರಮ: ತಂತ್ರಾಂಶದ ಹೆಸರು ನಾಲ್ಕನೇ ಹಂತದಲ್ಲಿ ಬರಲಿ

"ಮೂಡಲ್ ಹಾಕಿದ್ದೆವು, ಎರಡನೇ ಸೆಮಿಸ್ಟರ್ ಹೊತ್ತಿಗೆ ಯಾರೂ ಮುಟ್ಟಲಿಲ್ಲ. ಈಗ ಕ್ಯಾನ್ವಾಸ್‌ಗೆ ಹೋಗೋಣವೇ, ಓಪನ್ ಎಡ್‌ಎಕ್ಸ್‌ಗೆ ಹೋಗೋಣವೇ?" ಈ ಪ್ರಶ್ನೆ ಪದೇ ಪದೇ ಬರುತ್ತದೆ. ಮೂರೂ ಮೂಲಕೋಡ್ ಮುಕ್ತವಾಗಿರುವ ಎಲ್‌ಎಂಎಸ್‌ಗಳು, ಅಂದರೆ ಪಾಠ, ಅಸೈನ್‌ಮೆಂಟ್, ಕ್ವಿಜ್‌ಗಳನ್ನು ಜಾಲದಲ್ಲಿ ನಡೆಸುವ ಕಲಿಕಾ ನಿರ್ವಹಣಾ ತಂತ್ರಾಂಶಗಳು. ಕೇಳುವವರು ಸಾಮಾನ್ಯವಾಗಿ ಕಂಪ್ಯೂಟರ್ ಸೈನ್ಸ್ ವಿಭಾಗದ ಒಬ್ಬ ಅಧ್ಯಾಪಕರು. ಕುಲಸಚಿವರ ಕಚೇರಿಯ ಒಂದು ಸುತ್ತೋಲೆ ನೆಚ್ಚಿಕೊಂಡು ಇಡೀ ವಿಶ್ವವಿದ್ಯಾಲಯದ ಹೊರೆ ಹೊತ್ತವರು. ತಂತ್ರಾಂಶ ಬದಲಿಸಿದ ಮಾತ್ರಕ್ಕೆ ಇವರ ತೊಂದರೆ ಹೋಗುವುದಿಲ್ಲ. ಮೊದಲು ಇನ್‌ಸ್ಟಾಲ್ ಮಾಡಿ, ಏನು ಬೇಕೆಂದು ಆಮೇಲೆ ಯೋಚಿಸಿದ್ದೇ ತೊಂದರೆಯ ಮೂಲ.

ಕೆಳಗಿನ ಹಂತಗಳನ್ನು ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ: ಒಂದು ಮುಖ್ಯ ಕ್ಯಾಂಪಸ್, ಒಂದೆರಡು ಸ್ನಾತಕೋತ್ತರ ಕೇಂದ್ರ, ಹತ್ತಾರು ಸಂಯೋಜಿತ ಕಾಲೇಜು, ಅತಿಥಿ ಉಪನ್ಯಾಸಕರ ದೊಡ್ಡ ಪಾಲು. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು

ಪ್ರಯೋಗಕ್ಕೆ ಒಂದು ಸರ್ವರ್: 4 ಕೋರ್, 8 ಜಿಬಿ ರ‍್ಯಾಮ್ ಸಾಕು, ಉಬುಂಟು ಇರಲಿ. ಒಂದು ನಿಜವಾದ ಪತ್ರಿಕೆಯ ಇಡೀ ಸೆಮಿಸ್ಟರ್‌ನ ಸಾಮಗ್ರಿ, ಅಂದರೆ ನೋಟ್ಸ್, ಅಸೈನ್‌ಮೆಂಟ್, ಹಳೆಯ ಪ್ರಶ್ನೆಪತ್ರಿಕೆ. ಆ ಪತ್ರಿಕೆಯ ವಿದ್ಯಾರ್ಥಿಗಳ ಪಟ್ಟಿ, ರಿಜಿಸ್ಟರ್ ನಂಬರ್ ಸಮೇತ. ಹತ್ತು ಸಾವಿರದೊಳಗಿನ ಒಂದು ಆಂಡ್ರಾಯ್ಡ್ ಫೋನ್. ಒತ್ತಡದ ಪರೀಕ್ಷೆಗೆ, ಅಂದರೆ ನೂರಾರು ಜನ ಒಮ್ಮೆಲೇ ಬಂದರೆ ಸರ್ವರ್ ತಾಳುತ್ತದೆಯೇ ಎಂದು ನೋಡಲು, ಅಪಾಚೆ ಜೆಮೀಟರ್ ಎಂಬ ತಂತ್ರಾಂಶ. ಇವೆಲ್ಲಕ್ಕಿಂತ ಮುಖ್ಯವಾಗಿ ಐದು ಜನರ ಸಮಿತಿಯ ಲಿಖಿತ ಆದೇಶ. ಅದರಲ್ಲಿ ಮೌಲ್ಯಮಾಪನ ಕುಲಸಚಿವರ ಕಚೇರಿಯವರೊಬ್ಬರು ಇರಲೇಬೇಕು. ಅವರಿಲ್ಲದ ಸಮಿತಿ ಆರಿಸಿದ ಎಲ್‌ಎಂಎಸ್‌ನಲ್ಲಿ ಬಂದ ಅಂಕಗಳನ್ನು ಆಮೇಲೆ ಯಾರೂ ಒಪ್ಪುವುದಿಲ್ಲ.

ಹಂತ 1: ಯಾವುದು ಎಲ್‌ಎಂಎಸ್‌ನ ಕೆಲಸವಲ್ಲ ಎಂದು ಬರೆಯಿರಿ

ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ, ಅಂಕಪಟ್ಟಿ ಇವೆಲ್ಲ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಯುಯುಸಿಎಂಎಸ್ ಎಂಬ ಸರ್ಕಾರದ ಏಕೀಕೃತ ನಿರ್ವಹಣಾ ವ್ಯವಸ್ಥೆಯ ಕೆಲಸ. ಪಾಠದ ಸಾಮಗ್ರಿ, ಅಸೈನ್‌ಮೆಂಟ್, ಕ್ವಿಜ್, ಚರ್ಚೆ, ಆಂತರಿಕ ಮೌಲ್ಯಮಾಪನದ (ಐಎ) ಕಚ್ಚಾ ಅಂಕ ಎಲ್‌ಎಂಎಸ್‌ನ ಕೆಲಸ. ಎರಡರ ನಡುವಿನ ಗೆರೆಯನ್ನು ಒಂದು ಹಾಳೆಯಲ್ಲಿ ಎಳೆದು ಸಮಿತಿಯವರೆಲ್ಲ ಸಹಿ ಹಾಕಿ. ಈ ಹಾಳೆ ಇಲ್ಲದಿದ್ದರೆ ಮೂರನೇ ಸಭೆಯಲ್ಲಿ ಯಾರಾದರೂ "ಹಾಸ್ಟೆಲ್ ಫೀ ಕೂಡ ಇದರಲ್ಲೇ ಬರಲಿ" ಎನ್ನುತ್ತಾರೆ.

ಮೊದಲ ವರ್ಷಕ್ಕೆ ಮೂರೇ ಕೆಲಸ ಆರಿಸಿಕೊಳ್ಳಿ. ನನ್ನ ಸಲಹೆ: ಸಾಮಗ್ರಿ ಹಂಚುವುದು, ಅಸೈನ್‌ಮೆಂಟ್ ಪಡೆಯುವುದು, ಒಂದು ಐಎ ಕ್ವಿಜ್ ನಡೆಸುವುದು. ಕೋರ್ಸ್ ಔಟ್‌ಕಮ್ (ಕಲಿಕೆಯ ಗುರಿ ಎಷ್ಟು ಮುಟ್ಟಿತೆಂಬ) ಲೆಕ್ಕಾಚಾರ, ವಿಡಿಯೊ ತರಗತಿ, ಹಾಜರಾತಿ ಎರಡನೇ ವರ್ಷಕ್ಕಿರಲಿ.

ಎಚ್ಚರಿಕೆಯ ಗುರುತು: ಸಮಿತಿಯ ಮುಂದೆ ಅರವತ್ತು ಅಂಶಗಳ ಪಟ್ಟಿ ಬಂದಿದ್ದರೆ ಅದು ಯಾವುದೋ ಮಾರಾಟಗಾರರ ಕೈಪಿಡಿಯಿಂದ ಇಳಿಸಿದ್ದು. ಇನ್ನೊಂದು ಗುರುತು ಮೊದಲ ಸಭೆಯಲ್ಲೇ "ನ್ಯಾಕ್ ತಂಡ ಬರುವುದರೊಳಗೆ" ಎಂಬ ಮಾತು, ಅಂದರೆ ಕಾಲೇಜುಗಳಿಗೆ ಗುಣಮಟ್ಟದ ಶ್ರೇಣಿ ಕೊಡುವ ಮಂಡಳಿಯವರು ಬರುವುದರೊಳಗೆ. ನ್ಯಾಕ್‌ಗೆಂದು ಕಟ್ಟಿದ್ದು ನ್ಯಾಕ್ ತಂಡದ ಕಾರು ಗೇಟು ದಾಟುವವರೆಗೆ ಮಾತ್ರ ನಡೆಯುತ್ತದೆ.

ಹಂತ 2: ಒಟ್ಟು ವಿದ್ಯಾರ್ಥಿಗಳನ್ನಲ್ಲ, ಒಂದೇ ಗಳಿಗೆಯಲ್ಲಿ ಬರುವವರನ್ನು ಎಣಿಸಿ

ಇಪ್ಪತ್ತು ಸಾವಿರ ವಿದ್ಯಾರ್ಥಿಗಳಿದ್ದಾರೆ ಎಂಬ ಅಂಕಿ ಸರ್ವರ್‌ಗೆ ಏನನ್ನೂ ಹೇಳುವುದಿಲ್ಲ. ರಾತ್ರಿ ಒಂಬತ್ತಕ್ಕೆ ನೋಟ್ಸ್ ಇಳಿಸಿಕೊಳ್ಳುವವರು ಚದುರಿ ಬರುತ್ತಾರೆ. ಐಎ ಕ್ವಿಜ್ ಇರುವ ದಿನ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಒಂದೇ ಕ್ಷಣದಲ್ಲಿ "ಆರಂಭಿಸಿ" ಒತ್ತುತ್ತಾರೆ, ಹತ್ತೂವರೆಗೆ ಒಂದೇ ಕ್ಷಣದಲ್ಲಿ "ಸಲ್ಲಿಸಿ" ಒತ್ತುತ್ತಾರೆ. ಸರ್ವರ್ ಬೀಳುವುದು ಈ ಎರಡು ಕ್ಷಣಗಳಲ್ಲಿ.

ಉದಾಹರಣೆಗೆ ಮೊದಲ ಸೆಮಿಸ್ಟರ್ ಬಿಕಾಂನಲ್ಲಿ 1,800 ಮಂದಿ ಇದ್ದಾರೆ ಎಂದುಕೊಳ್ಳಿ. ಮೂಡಲ್ ಬಳಗದಲ್ಲಿ ಹಿಂದಿನಿಂದ ಒಂದು ಸ್ಥೂಲ ಲೆಕ್ಕವಿದೆ: ಏಕಕಾಲದ 10ರಿಂದ 20 ಬಳಕೆದಾರರಿಗೆ 1 ಜಿಬಿ ರ‍್ಯಾಮ್. ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ 90ರಿಂದ 180 ಜಿಬಿ ಬೇಕು. ಮುನ್ನೂರರ ಆರು ತಂಡ ಮಾಡಿದರೆ 15ರಿಂದ 30 ಜಿಬಿಗೆ ಇಳಿಯುತ್ತದೆ. ವೇಳಾಪಟ್ಟಿಯನ್ನು ಒಂದು ಮಧ್ಯಾಹ್ನ ಕೂತು ಹೊಂದಿಸಿದರೆ ಲಕ್ಷಗಟ್ಟಲೆ ಉಳಿಯುತ್ತದೆ. ಲೆಕ್ಕ ಸ್ಥೂಲವಾದದ್ದು, ನಿಜವಾದ ಅಂಕಿ ಏಳನೇ ಹಂತದ ಪರೀಕ್ಷೆಯಲ್ಲಿ ಸಿಗುತ್ತದೆ. ಆದರೆ ಬಜೆಟ್ ಮಾತಿಗೆ ಕೂರುವ ಮುನ್ನ ಈ ಸಂಖ್ಯೆ ನಿಮ್ಮ ಜೇಬಿನಲ್ಲಿರಬೇಕು.

ಹಂತ 3: ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತುವವರು ಯಾರು?

ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ. ಅದನ್ನು ನೋಡಿಕೊಳ್ಳುವವರಿಗೆ ಸಂಬಳವಿದೆ. ಕನಿಷ್ಠ ಇಬ್ಬರು ಬೇಕು: ಸರ್ವರ್, ಬ್ಯಾಕಪ್, ಅಪ್‌ಗ್ರೇಡ್ ನೋಡುವ ಒಬ್ಬ ಸಿಸ್ಟಂ ಅಡ್ಮಿನ್, ಅಧ್ಯಾಪಕರ ಪಕ್ಕ ಕೂತು ಕಲಿಸುವ ಇನ್ನೊಬ್ಬರು. ಎರಡನೆಯ ಹುದ್ದೆಯನ್ನು ಉಳಿತಾಯವೆಂದು ಕೈಬಿಡುವುದೇ ಹೆಚ್ಚು. ಯಾರೂ ಮುಟ್ಟದ ಎಲ್‌ಎಂಎಸ್ ಆಗುವುದು ಹಾಗೆ.

ನಿಮ್ಮ ಊರಿನಲ್ಲಿ ಯಾವ ಕೌಶಲ ಸಿಗುತ್ತದೆ ಎಂಬುದು ತಂತ್ರಾಂಶದ ಆಯ್ಕೆಯನ್ನು ಅರ್ಧ ಮುಗಿಸಿಬಿಡುತ್ತದೆ. ಮೂಡಲ್ ಬರೆದಿರುವ ಪಿಎಚ್‌ಪಿ ಭಾಷೆ ಬಲ್ಲವರು ಕಲಬುರಗಿಯಲ್ಲೂ ಸಿಗುತ್ತಾರೆ, ಶಿವಮೊಗ್ಗದಲ್ಲೂ ಸಿಗುತ್ತಾರೆ. ಕ್ಯಾನ್ವಾಸ್ ಕಟ್ಟಿರುವ ರೂಬಿ ಆನ್ ರೈಲ್ಸ್ ಬಲ್ಲವರನ್ನು ವಿಶ್ವವಿದ್ಯಾಲಯದ ಗುತ್ತಿಗೆ ಸಂಬಳಕ್ಕೆ ಹುಡುಕಿ ನೋಡಿ, ಗೊತ್ತಾಗುತ್ತದೆ.

ಎಚ್ಚರಿಕೆಯ ಗುರುತುಗಳು: ಸರ್ವರ್‌ನ ಪೂರ್ತಿ ಹಿಡಿತ ಕೊಡುವ ರೂಟ್ ಪಾಸ್‌ವರ್ಡ್ ಒಬ್ಬರ ಬಳಿ ಮಾತ್ರ ಇದೆ, ಅವರು ಅತಿಥಿ ಉಪನ್ಯಾಸಕರು, ಒಪ್ಪಂದ ಮುಗಿಯಲು ಬಂದಿದೆ. ಅಥವಾ ಸೈಟಿನ ವಿಳಾಸ ವಿಶ್ವವಿದ್ಯಾಲಯದ ಎಸಿ.ಇನ್ ಡೊಮೈನ್‌ನ ಕೆಳಗಿಲ್ಲದೆ ಯಾರದೋ ಖಾಸಗಿ ಖಾತೆಯಲ್ಲಿ ಕೊಂಡದ್ದಾಗಿದೆ. ಇವೆರಡನ್ನೂ ಸರಿಪಡಿಸದೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 4: ಈಗ ಹೆಸರುಗಳು

ಮೂಡಲ್. 2002ರಲ್ಲಿ ಮೊದಲ ಆವೃತ್ತಿ, ಪಿಎಚ್‌ಪಿಯಲ್ಲಿ ಬರೆದದ್ದು, ಜಿಪಿಎಲ್ ಪರವಾನಗಿ, ಮಾರಿಯಾಡಿಬಿ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ನಡೆಯುತ್ತದೆ. ನೋಡಲು ಸುಂದರಿಯೇನಲ್ಲ, ಸೆಟ್ಟಿಂಗ್‌ಗಳ ಕಾಡು. ಆದರೆ ಸಂಯೋಜಿತ ಕಾಲೇಜು, ವಿಭಾಗ, ಸೆಮಿಸ್ಟರ್ ಎಂಬ ನಮ್ಮ ಜಟಿಲ ರಚನೆಗೆ ಇದರ ಕೆಟಗರಿ (ಕೋರ್ಸ್‌ಗಳ ಗುಂಪು) ಮತ್ತು ಕೋಹಾರ್ಟ್ (ವಿದ್ಯಾರ್ಥಿಗಳ ಗುಂಪು) ವ್ಯವಸ್ಥೆ ಹೊಂದುತ್ತದೆ, ಪ್ರಶ್ನೆ ಬ್ಯಾಂಕ್ ಗಟ್ಟಿಯಾಗಿದೆ. ದೀರ್ಘಾವಧಿ ಬೆಂಬಲದ ಆವೃತ್ತಿಗಳನ್ನು ಆರಿಸಿ: 2024ರ ಅಕ್ಟೋಬರ್‌ನಲ್ಲಿ ಬಂದ 4.5 ಅಂಥದ್ದು, ಅದಕ್ಕೆ 2027ರ ಅಕ್ಟೋಬರ್‌ವರೆಗೆ ಭದ್ರತಾ ತಿದ್ದುಪಡಿಗಳಿವೆ. ಮೊಬೈಲ್ ಆ್ಯಪ್‌ನ ಉಚಿತ ಯೋಜನೆಯಲ್ಲಿ ಪುಶ್ ನೋಟಿಫಿಕೇಶನ್‌ಗೆ ಸಾಧನಗಳ ಮಿತಿ ಇದೆ. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಓಪನ್ ಎಡ್‌ಎಕ್ಸ್. ಹಾರ್ವರ್ಡ್ ಮತ್ತು ಎಂಐಟಿ 2012ರಲ್ಲಿ ಕಟ್ಟಿದ ಎಡ್‌ಎಕ್ಸ್‌ನ ತಂತ್ರಾಂಶ. ಐಐಟಿ ಬಾಂಬೆಯ ಐಐಟಿಬಾಂಬೆಎಕ್ಸ್ ಇದರ ಮೇಲೆ ನಿಂತಿದೆ. ಸಾವಿರಾರು ಜನರಿಗೆ ಒಂದೇ ವಿಡಿಯೊ ಕೋರ್ಸ್ ಕೊಡಲು ಇದು ಸೊಗಸು. ಆದರೆ ನಲವತ್ತು ಮಂದಿಯ ಎಂಎ ತರಗತಿಯ ದಿನನಿತ್ಯದ ವ್ಯವಹಾರಕ್ಕೆ ಭಾರ. ಟ್ಯೂಟರ್ ಎಂಬ ಡಾಕರ್ ಆಧಾರಿತ ಸಾಧನದಿಂದಲೇ ಇನ್‌ಸ್ಟಾಲ್ ಮಾಡಿ, ಬೇರೆ ದಾರಿ ಹುಡುಕಬೇಡಿ. ಮೈಎಸ್‌ಕ್ಯೂಎಲ್, ಮೊಂಗೊಡಿಬಿ, ರೆಡಿಸ್ ಎಂಬ ಮೂರು ಬಗೆಯ ದತ್ತಾಂಶ ಸಂಗ್ರಹಗಳನ್ನೂ ಸಾಕಬೇಕಾಗುತ್ತದೆ.

ಕ್ಯಾನ್ವಾಸ್. ಇನ್‌ಸ್ಟ್ರಕ್ಚರ್ ಕಂಪನಿಯದು, 2011ರಿಂದ ಮೂಲಕೋಡ್ ಮುಕ್ತವಾಗಿದೆ. ಮುಖಪುಟ ಅಚ್ಚುಕಟ್ಟು, ಅಧ್ಯಾಪಕರು ನೋಡಿದ ಕೂಡಲೇ ಇಷ್ಟಪಡುತ್ತಾರೆ. ಆದರೆ ಕಂಪನಿಯ ಹೋಸ್ಟಿಂಗ್‌ನಲ್ಲಿ ಕಾಣುವ ಹೊಸ ಕ್ವಿಜ್ ವ್ಯವಸ್ಥೆಯಂಥ ಭಾಗಗಳು ಮುಕ್ತ ಕೋಡ್‌ನಲ್ಲಿಲ್ಲ. ಡೆಮೊ ನೋಡಿ ಮರುಳಾಗುವ ಮೊದಲು "ಇದು ನಾವು ಇಳಿಸಿಕೊಳ್ಳುವ ಕೋಡ್‌ನಲ್ಲಿ ಇದೆಯೇ?" ಎಂದು ಪ್ರತಿ ಪರದೆಗೂ ಕೇಳಿ.

ಸಕಾಯ್ ಜಾವಾದಲ್ಲಿದೆ, ಅಮೆರಿಕದ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ್ದು. ಇಲಿಯಾಸ್ ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದಿಂದ ಬಂದದ್ದು. ಚಮಿಲೊ ಹಗುರ, ಸಣ್ಣ ಕಾಲೇಜಿಗೆ ಸಾಕು. ಮೂರೂ ಒಳ್ಳೆಯವೇ, ಆದರೆ ನಮ್ಮಲ್ಲಿ ಇವನ್ನು ಬಲ್ಲವರು ವಿರಳ. ಹಂತ 3ನ್ನು ನೆನಪಿಸಿಕೊಳ್ಳಿ.

ಪರವಾನಗಿಯಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಓಪನ್ ಎಡ್‌ಎಕ್ಸ್, ಕ್ಯಾನ್ವಾಸ್ ಎರಡೂ ಎಜಿಪಿಎಲ್ ಅಡಿಯಲ್ಲಿವೆ: ನೀವು ಕೋಡ್ ತಿದ್ದಿ ಜಾಲದ ಮೂಲಕ ಬಳಕೆಗೆ ಕೊಟ್ಟರೆ, ತಿದ್ದಿದ ಕೋಡ್ ಅನ್ನು ಬಳಕೆದಾರರಿಗೆ ಒದಗಿಸಬೇಕು. ಮೂಡಲ್‌ನ ಜಿಪಿಎಲ್‌ನಲ್ಲಿ ಕೋಡ್ ಹಂಚಿದಾಗ ಮಾತ್ರ ಆ ಬಾಧ್ಯತೆ.

ಬಹುತೇಕ ರಾಜ್ಯ ವಿಶ್ವವಿದ್ಯಾಲಯಗಳಿಗೆ ಉತ್ತರ ಮೂಡಲ್ ಎಂದೇ ನನ್ನ ಅಭಿಪ್ರಾಯ. ಆದರೂ ಎರಡು ಹೆಸರನ್ನು ಮುಂದಿನ ಹಂತಕ್ಕೆ ಒಯ್ಯಿರಿ. ಒಂದೇ ಇದ್ದರೆ ಪರೀಕ್ಷೆ ಬರೀ ಶಾಸ್ತ್ರವಾಗುತ್ತದೆ.

ಹಂತ 5: ಕನ್ನಡದ ಪರೀಕ್ಷೆ

ಇದನ್ನು ಯಾವ ಹೋಲಿಕೆ ಪಟ್ಟಿಯೂ ಹೇಳುವುದಿಲ್ಲ, ನಮ್ಮಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. "ಕನ್ನಡ ಬೆಂಬಲ ಇದೆ" ಎಂಬ ಸಾಲಿಗೆ ಗುರುತು ಹಾಕಿ ಮುಂದೆ ಹೋಗಬೇಡಿ. ಒಂದೊಂದಾಗಿ ಮಾಡಿ ನೋಡಿ.

ಹಳೆಯ ಫಾಂಟ್. ಅಧ್ಯಾಪಕರ ಹತ್ತು ವರ್ಷದ ಪ್ರಶ್ನೆಪತ್ರಿಕೆಗಳು ಹಳೆಯ ನುಡಿ ಅಥವಾ ಬರಹದ ಆಸ್ಕಿ ಅಕ್ಷರಗಳಲ್ಲಿವೆ. ಅವನ್ನು ನಕಲಿಸಿ ಎಲ್‌ಎಂಎಸ್‌ಗೆ ಅಂಟಿಸಿದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು ಬರುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಬೇಕು, ಪರಿವರ್ತನೆಯ ಮೇಲೆ ಒಮ್ಮೆ ಕಣ್ಣಾಡಿಸಲೂಬೇಕು. ಅರ್ಕಾವತ್ತು ಮತ್ತು ಒತ್ತಕ್ಷರಗಳು ಜಾಗ ತಪ್ಪುವುದು ಸಾಮಾನ್ಯ. ಈ ಕೆಲಸಕ್ಕೆ ಯೋಜನೆಯಲ್ಲಿ ಸಮಯ ಇಡದಿದ್ದರೆ ಅಧ್ಯಾಪಕರು ಪ್ರಶ್ನೆಪತ್ರಿಕೆಯ ಫೋಟೊ ತೆಗೆದು ಹಾಕುತ್ತಾರೆ, ಪ್ರಶ್ನೆ ಬ್ಯಾಂಕ್ ಎಂಬುದೇ ಇರುವುದಿಲ್ಲ.

ಕಿರು ಉತ್ತರದ ತಿದ್ದುವಿಕೆ. "ಸಾಫ್ಟ್‌ವೇರ್" ಪದವನ್ನು ಸರಿಯಾಗಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು. ವಿದ್ಯಾರ್ಥಿಯ ಕೀಲಿಮಣೆ ಅದನ್ನು ಹಾಕಿರುವುದಿಲ್ಲ, ಅಧ್ಯಾಪಕರದು ಹಾಕಿರುತ್ತದೆ. ಕಂಪ್ಯೂಟರ್‌ಗೆ ಇವು ಎರಡು ಬೇರೆ ಉತ್ತರಗಳು, ವಿದ್ಯಾರ್ಥಿಗೆ ಸೊನ್ನೆ. ಸೊನ್ನೆಯದೇ ಇನ್ನೊಂದು ತಕರಾರು: ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿ "ಸ೦ಪತ್ತು" ಎಂದು ಬರೆಯುವವರು ಬಹಳ. ನೋಡಲು ಒಂದೇ, ಅಂಕ ಬರುವುದಿಲ್ಲ. ಹಾಗಾಗಿ ಕನ್ನಡ ಮಾಧ್ಯಮದ ಪತ್ರಿಕೆಗಳಲ್ಲಿ ತಾನೇ ತಿದ್ದುವ ಕಿರು ಉತ್ತರ ಬೇಡ. ಬಹು ಆಯ್ಕೆ, ಹೊಂದಿಸಿ ಬರೆಯಿರಿ, ಇಲ್ಲವೇ ಅಧ್ಯಾಪಕರೇ ಓದಿ ಅಂಕ ಕೊಡುವ ಬಗೆ ಬಳಸಿ.

ಪಿಡಿಎಫ್. "ಸ್ವಾತಂತ್ರ್ಯ", "ಅರ್ಥಶಾಸ್ತ್ರ", "ರಾಷ್ಟ್ರೀಯ" ಎಂಬ ಮೂರು ಪದಗಳಿರುವ ಒಂದು ಪ್ರಮಾಣಪತ್ರ ಮುದ್ರಿಸಿ ನೋಡಿ. ಪಿಡಿಎಫ್ ತಯಾರಿಸಲು ಮೂಡಲ್ ಬಳಸುವ ಟಿಸಿಪಿಡಿಎಫ್ ಕನ್ನಡದ ಒತ್ತಕ್ಷರಗಳನ್ನು ಜೋಡಿಸಲಾರದು. ಪರದೆಯ ಮೇಲೆ ಸರಿಯಿದ್ದದ್ದು ಪಿಡಿಎಫ್‌ನಲ್ಲಿ ಬಿಡಿಬಿಡಿಯಾಗುತ್ತದೆ. ಕುಲಪತಿಗಳ ಸಹಿಯಿರುವ ಪ್ರಮಾಣಪತ್ರದಲ್ಲಿ ಇದು ಕಂಡರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬ್ರೌಸರ್‌ನಿಂದಲೇ ಪುಟವನ್ನು ಮುದ್ರಿಸುವುದು ಸದ್ಯದ ಸುರಕ್ಷಿತ ದಾರಿ.

ಹೆಸರುಗಳ ಪಟ್ಟಿ. ಎಕ್ಸೆಲ್‌ನಿಂದ ಸಿಎಸ್‌ವಿ ಉಳಿಸುವಾಗ "ಸಿಎಸ್‌ವಿ ಯುಟಿಎಫ್-8" ಎಂಬುದನ್ನೇ ಆರಿಸಿ. ಬರೀ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ.

ಮೂಡಲ್‌ಗೆ ಕನ್ನಡದ ಭಾಷಾ ಕಟ್ಟು ಇದೆ, ಪೂರ್ತಿಯಾಗಿಲ್ಲ. ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಪರದೆಯಿಂದ ವಿದ್ಯಾರ್ಥಿಗಳು ಗೊಂದಲಪಡುತ್ತಾರೆ. ಅವರು ದಿನವೂ ನೋಡುವ ನಲವತ್ತೈವತ್ತು ಪದಗಳನ್ನು ನಿಮ್ಮ ಕನ್ನಡ ವಿಭಾಗದವರಿಂದಲೇ ಅನುವಾದ ಮಾಡಿಸಿ ಸೈಟಿನಲ್ಲಿ ಬದಲಿಸಿಕೊಳ್ಳಿ. ಅದಕ್ಕೆ ಕೋಡ್ ಮುಟ್ಟಬೇಕಿಲ್ಲ.

ಹಂತ 6: ಒಂದು ಸೆಮಿಸ್ಟರ್, ಮೂರು ವಿಭಾಗ

ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಪ್ರಯೋಗ ಮಾಡಬೇಡಿ. ಅಲ್ಲಿ ಏನಿದ್ದರೂ ನಡೆಯುತ್ತದೆ. ಕನ್ನಡ, ವಾಣಿಜ್ಯ, ಪ್ರಯೋಗಾಲಯವಿರುವ ಒಂದು ವಿಜ್ಞಾನ ವಿಭಾಗ, ಈ ಮೂರು ಸಾಕು. ಮನಸ್ಸಿಲ್ಲದ ಒಬ್ಬ ಹಿರಿಯ ಅಧ್ಯಾಪಕರು ಮತ್ತು ಒಬ್ಬ ಅತಿಥಿ ಉಪನ್ಯಾಸಕರು ತಂಡದಲ್ಲಿರಲಿ. ಅತಿಥಿ ಉಪನ್ಯಾಸಕರು ವರ್ಷದ ನಡುವೆ ಬದಲಾದಾಗ ಕೋರ್ಸ್ ಹೊಸಬರ ಕೈಗೆ ಹೇಗೆ ಹೋಗುತ್ತದೆ ಎಂಬುದನ್ನು ಬೇಕೆಂದೇ ಒಮ್ಮೆ ಮಾಡಿ ನೋಡಿ. ಹಳಬರ ಲಾಗಿನ್ ಅನ್ನೇ ಹೊಸಬರಿಗೆ ಕೊಡುವ ಅಭ್ಯಾಸ ಶುರುವಾದರೆ ಅಂಕ ಯಾರು ಕೊಟ್ಟರೆಂಬ ದಾಖಲೆಗೆ ಬೆಲೆ ಇರುವುದಿಲ್ಲ.

ದೃಷ್ಟಿದೋಷವಿರುವ ಒಬ್ಬ ವಿದ್ಯಾರ್ಥಿಯನ್ನು ಕೇಳಿಕೊಂಡು ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶದೊಂದಿಗೆ ಇಡೀ ಕ್ವಿಜ್ ಬರೆಸಿ. ಅದು ಕನ್ನಡ ಓದಬಲ್ಲದು. ಆದರೆ ಸ್ಕ್ಯಾನ್ ಮಾಡಿದ ನೋಟ್ಸ್ ಅದಕ್ಕೆ ಬರೀ ಚಿತ್ರ. ಹಾಸ್ಟೆಲ್‌ನಲ್ಲಿ ಒಬ್ಬರು ಆ ಅಗ್ಗದ ಫೋನ್‌ನಲ್ಲಿ ಅಸೈನ್‌ಮೆಂಟ್ ಸಲ್ಲಿಸಲಿ. ಫೋಟೊ ತೆಗೆದ ಎಂಟು ಪುಟ ಎಷ್ಟು ಎಂಬಿ ಆಗುತ್ತದೆ, ಸರ್ವರ್‌ನ ಅಪ್‌ಲೋಡ್ ಮಿತಿ ಎಷ್ಟಿದೆ ನೋಡಿ. ಪಿಎಚ್‌ಪಿಯ ಮೂಲ ಮಿತಿ 2 ಎಂಬಿ.

ವಿಡಿಯೊಗಳನ್ನು ಎಲ್‌ಎಂಎಸ್ ಒಳಗೆ ಹಾಕಬೇಡಿ. ಬೇರೆಡೆ ಇಟ್ಟು ಕೊಂಡಿ ಕೊಡಿ. ನೇರ ತರಗತಿಗೆ ಬಿಗ್‌ಬ್ಲೂಬಟನ್ ಬೇಕೆಂದರೆ ಅದಕ್ಕೆ ಪ್ರತ್ಯೇಕ ಸರ್ವರ್, 8 ಕೋರ್ ಮತ್ತು 16 ಜಿಬಿ ರ‍್ಯಾಮ್‌ನಿಂದ ಶುರು.

ಹಂತ 7: ಬೇಕೆಂದೇ ಕೆಡವಿ

ಮೂಡಲ್‌ನ ಅಡ್ಮಿನ್ ಭಾಗದಲ್ಲಿ ಪರೀಕ್ಷಾ ಕೋರ್ಸ್ ಸೃಷ್ಟಿಸುವ, ಜೆಮೀಟರ್ ಯೋಜನೆ ತಯಾರಿಸುವ ಸಾಧನಗಳು ಮೊದಲೇ ಇವೆ. ಪ್ರಯೋಗದ ಸರ್ವರ್‌ನಲ್ಲಿ ಮಾತ್ರ ಬಳಸಿ. ಸಿಗುವ ಯೋಜನೆ ಕೋರ್ಸ್ ಪುಟ, ಚರ್ಚೆಗಳ ಓಡಾಟವನ್ನು ಅನುಕರಿಸುತ್ತದೆ, ಕ್ವಿಜ್‌ನ ಹೆಜ್ಜೆಗಳನ್ನು ನೀವೇ ಸೇರಿಸಬೇಕು. ಹಂತ 2ರ ಸಂಖ್ಯೆಯನ್ನು ಹಾಕಿ ಓಡಿಸಿ, ಆಮೇಲೆ ಅದರ ಒಂದೂವರೆ ಪಟ್ಟು. ಪುಟ ತೆರೆಯಲು ಹಿಡಿಯುವ ಸಮಯ ಏರತೊಡಗಿದರೆ ಕೂಡಲೇ ರ‍್ಯಾಮ್ ಕೊಳ್ಳಲು ಓಡಬೇಡಿ. ಸೆಷನ್ (ಯಾರು ಒಳಗಿದ್ದಾರೆಂಬ ದಾಖಲೆ) ಮತ್ತು ಕ್ಯಾಷೆಯನ್ನು (ಪದೇ ಪದೇ ಬೇಕಾಗುವ ದತ್ತಾಂಶದ ತಾತ್ಕಾಲಿಕ ಪ್ರತಿ) ರೆಡಿಸ್‌ಗೆ ಸಾಗಿಸಿ, ಡೇಟಾಬೇಸ್ ಅನ್ನು ಬೇರೆ ಯಂತ್ರಕ್ಕೆ ಹಾಕಿ, ಕ್ವಿಜ್‌ನಲ್ಲಿ ಪುಟಕ್ಕೊಂದು ಪ್ರಶ್ನೆ ಎಂದಿರುವುದನ್ನು ಐದಕ್ಕೇರಿಸಿ. ಪ್ರಶ್ನೆಗೊಂದು ಪುಟವಿದ್ದರೆ ಪ್ರತಿ "ಮುಂದೆ" ಒತ್ತಿದಾಗಲೂ ಸರ್ವರ್‌ಗೆ ಒಂದು ಕೋರಿಕೆ ಹೋಗುತ್ತದೆ.

ನಂತರ ಬ್ಯಾಕಪ್. ಮೂಡಲ್‌ನಲ್ಲಿ ಮೂರು ವಸ್ತು ಒಟ್ಟಿಗೆ ಬೇಕು: ಡೇಟಾಬೇಸ್, ಸಲ್ಲಿಸಿದ ಕಡತಗಳಿರುವ ಮೂಡಲ್‌ಡೇಟಾ ಫೋಲ್ಡರ್, ಪ್ಲಗಿನ್ (ಹೊರಗಿನಿಂದ ಸೇರಿಸಿದ ಹೆಚ್ಚುವರಿ ಭಾಗ) ಸಮೇತ ಕೋಡ್. ಡೇಟಾಬೇಸ್ ಮಾತ್ರ ಉಳಿಸಿದವರಿಗೆ ಅಸೈನ್‌ಮೆಂಟ್‌ನ ಹೆಸರು ಸಿಗುತ್ತದೆ, ಕಡತ ಸಿಗುವುದಿಲ್ಲ. ಆ ಫೋಲ್ಡರ್ ವೆಬ್‌ನಿಂದ ನೇರ ತೆರೆಯುವ ಜಾಗದಲ್ಲಿ ಇರಬಾರದು. ಖಾಲಿ ಯಂತ್ರವೊಂದರಲ್ಲಿ ಎಲ್ಲವನ್ನೂ ಮರಳಿ ಎಬ್ಬಿಸಿ, ಗಡಿಯಾರ ನೋಡಿ ಸಮಯ ಬರೆದಿಡಿ. ಅದನ್ನು ಸಿಸ್ಟಂ ಅಡ್ಮಿನ್ ಅಲ್ಲ, ಬರೆದ ಟಿಪ್ಪಣಿ ನೋಡಿಕೊಂಡು ಇನ್ನೊಬ್ಬರು ಮಾಡಬೇಕು.

ಪ್ಲಗಿನ್‌ಗಳ ಬಗ್ಗೆ ಒಂದು ಮಾತು. ಪ್ರತಿ ಪ್ಲಗಿನ್ ಮುಂದಿನ ಅಪ್‌ಗ್ರೇಡ್‌ನಲ್ಲಿ ಒಂದು ಹೊಸ ಜಗಳ. ಕೊನೆಯ ತಿದ್ದುಪಡಿ ವರ್ಷದ ಹಿಂದಿನದಾಗಿದ್ದರೆ ಬೇಡ.

ಹಂತ 8: ಹೊರಬರುವ ದಾರಿ ನೋಡಿಕೊಂಡು ಒಳಗೆ ಹೋಗಿ

ಒಂದು ಕೋರ್ಸ್, ಪ್ರಶ್ನೆ ಬ್ಯಾಂಕ್, ಅಂಕಗಳ ಪಟ್ಟಿ ಮೂರನ್ನೂ ಹೊರತೆಗೆದು ಇನ್ನೊಂದು ವ್ಯವಸ್ಥೆಗೆ ಹಾಕಿ ನೋಡಿ. ಎರಡು ಹೆಸರು ಉಳಿಸಿಕೊಂಡಿರಿ ಎಂದದ್ದು ಇದಕ್ಕೂ ಉಪಯೋಗ. ಪ್ರಶ್ನೆಗಳು ಸುಮಾರಾಗಿ ಹೋಗುತ್ತವೆ, ಚರ್ಚೆ ಮತ್ತು ಪ್ರಯತ್ನಗಳ ಇತಿಹಾಸ ಹೋಗುವುದಿಲ್ಲ. ಹೊರಗಿನ ಸಾಧನಗಳನ್ನು ಎಲ್‌ಎಂಎಸ್‌ಗೆ ಜೋಡಿಸುವ ಮಾನದಂಡವಾದ ಎಲ್‌ಟಿಐನ 1.3 ಆವೃತ್ತಿ ಕೇಳಿ. ಸಿದ್ಧ ಪಾಠ ಕೊಳ್ಳುವುದಿದ್ದರೆ ಪಾಠದ ಕಟ್ಟುಗಳ ಮಾನದಂಡವಾದ ಸ್ಕಾರ್ಮ್‌ನಲ್ಲಿ ಮೂಡಲ್ ಒಪ್ಪುವುದು 1.2 ಎಂಬುದನ್ನು ಮಾರುವವರಿಗೆ ಮೊದಲೇ ತಿಳಿಸಿ. ಸ್ಕಾರ್ಮ್ 2004 ಆವೃತ್ತಿಯ ಕಟ್ಟು ತಂದರೆ ತೊಂದರೆ.

ಹಂತ 9: ಟೆಂಡರ್‌ನಲ್ಲಿ ಬರೆಯಬೇಕಾದ ಸಾಲುಗಳು

ಹೊರಗಿನವರಿಗೆ ಕೆಲಸ ಕೊಡುವುದಾದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಅನ್ವಯಿಸುತ್ತದೆ. ಹಣಕಾಸು ಅಧಿಕಾರಿಗಳನ್ನು ಈ ಹಂತದಲ್ಲಿ ಅಲ್ಲ, ಎರಡನೇ ಹಂತದಲ್ಲೇ ಕೂರಿಸಿಕೊಂಡಿರಬೇಕು. ನೀವು ಕೊಳ್ಳುತ್ತಿರುವುದು ಪರವಾನಗಿಯನ್ನಲ್ಲ, ಸೇವೆಯನ್ನು. ಹಾಗೆಂದು ಟೆಂಡರ್‌ನ ಶೀರ್ಷಿಕೆಯಲ್ಲೇ ಬರಲಿ. "ಪ್ರತಿ ವಿದ್ಯಾರ್ಥಿಗೆ ಇಷ್ಟು ಪರವಾನಗಿ ದರ" ಎಂಬ ಕೊಟೇಶನ್ ಮುಕ್ತ ತಂತ್ರಾಂಶಕ್ಕೆ ಬಂದರೆ ಅವರು ಏನು ಮಾರುತ್ತಿದ್ದಾರೆಂದು ಕೇಳಿ.

ಷರತ್ತುಗಳಲ್ಲಿ ಇವು ಇರಲಿ: ಅಡ್ಮಿನ್ ಮತ್ತು ಸರ್ವರ್ ಪಾಸ್‌ವರ್ಡ್ ವಿಶ್ವವಿದ್ಯಾಲಯದ ಬಳಿ, ನಮಗಾಗಿ ಬರೆದ ಕೋಡ್‌ನ ಮೂಲ ಪ್ರತಿ, ಓದಲಾಗದಂತೆ ಮುಚ್ಚಿದ ಕಡತ ಸಲ್ಲದು, ಪ್ರತಿ ತಿಂಗಳು ಪೂರ್ತಿ ಡೇಟಾಬೇಸ್‌ನ ಪ್ರತಿ ನಮ್ಮ ಕೈಗೆ, ಭದ್ರತಾ ತಿದ್ದುಪಡಿ ಬಂದ ಇಷ್ಟು ದಿನದೊಳಗೆ ಅಳವಡಿಕೆ, ಐಎ ದಿನಗಳಲ್ಲಿ ಒಬ್ಬರು ಕ್ಯಾಂಪಸ್‌ನಲ್ಲಿ ಹಾಜರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ. ಪಿಯು ಮುಗಿಸಿ ಬಂದವರಲ್ಲಿ ಹದಿನೇಳರವರು ಇದ್ದೇ ಇರುತ್ತಾರೆ. ಅವರ ದತ್ತಾಂಶದ ವಿಷಯವನ್ನು ಕಾನೂನು ಕೋಶದವರಿಗೆ ಈಗಲೇ ಕಳಿಸಿ.

ಹಂತ 10: ಆದೇಶ ಮೊದಲು, ಲಾಗಿನ್ ಆಮೇಲೆ

ವಿದ್ಯಾವಿಷಯಕ ಪರಿಷತ್ತಿನಲ್ಲಿ ಒಂದು ಸಾಲಿನ ನಿರ್ಣಯ ಬೇಕು: ಎಲ್‌ಎಂಎಸ್‌ನಲ್ಲಿ ನಡೆದ ಕ್ವಿಜ್‌ನ ಅಂಕ ಐಎಗೆ ಮಾನ್ಯ. ಈ ಸಾಲಿಲ್ಲದೆ ಎಲ್ಲರಿಗೂ ಲಾಗಿನ್ ಹಂಚಿದರೆ ಅಧ್ಯಾಪಕರು ಅಲ್ಲೊಮ್ಮೆ, ಕಾಗದದಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಬೇಕಾಗುತ್ತದೆ. ಎರಡು ಸಲ ಮಾಡುವ ಕೆಲಸವನ್ನು ಯಾರೂ ಬಹಳ ದಿನ ಮಾಡುವುದಿಲ್ಲ.

ವಿದ್ಯಾರ್ಥಿಯ ಗುರುತಿಗೆ ಯುಯುಸಿಎಂಎಸ್‌ನ ರಿಜಿಸ್ಟರ್ ನಂಬರ್ ಬಳಸಿ, ಫೋನ್ ನಂಬರ್ ಬೇಡ. ಅದು ವರ್ಷಕ್ಕೆರಡು ಸಲ ಬದಲಾಗುತ್ತದೆ. ಕೋರ್ಸ್‌ಗಳ ಹೆಸರಿನಲ್ಲಿ ವರ್ಷ, ಸೆಮಿಸ್ಟರ್, ಪತ್ರಿಕೆಯ ಕೋಡ್ ಇದೇ ಕ್ರಮದಲ್ಲಿರಲಿ. ಸೆಮಿಸ್ಟರ್ ನಡುವೆ ಆರಂಭಿಸಬೇಡಿ, ಅಪ್‌ಗ್ರೇಡ್ ಕೂಡ ರಜೆಯಲ್ಲೇ.

ಮೊದಲ ಆರು ವಾರದಲ್ಲಿ ನೋಡಬೇಕಾದವು

ಪ್ರತಿ ಕೋರ್ಸ್‌ನಲ್ಲಿ ಒಂದೇ ಒಂದು ಪಿಡಿಎಫ್ ಇದ್ದರೆ ತರಬೇತಿ ತಲುಪಿಲ್ಲ. ವಿಭಾಗದ ಎಲ್ಲ ಲಾಗಿನ್‌ಗಳೂ ಒಂದೇ ಕಂಪ್ಯೂಟರ್‌ನಿಂದ ಬರುತ್ತಿದ್ದರೆ ಅಧ್ಯಾಪಕರ ಪಾಸ್‌ವರ್ಡ್ ಆಪರೇಟರ್ ಕೈಯಲ್ಲಿದೆ. ಅಂಕಗಳನ್ನು ಪರದೆ ನೋಡಿಕೊಂಡು ಕೈಯಿಂದ ಇನ್ನೊಂದೆಡೆ ಟೈಪ್ ಮಾಡುತ್ತಿದ್ದರೆ ಹಂತ 1ರ ಹಾಳೆಯಲ್ಲಿ ಏನೋ ಬಿಟ್ಟುಹೋಗಿದೆ. ಅಸೈನ್‌ಮೆಂಟ್ ಇನ್ನೂ ವಾಟ್ಸ್ಆ್ಯಪ್‌ಗೆ ಬರುತ್ತಿದ್ದರೆ ಬೈಯುವ ಮೊದಲು ಅಪ್‌ಲೋಡ್ ಮಿತಿ ನೋಡಿ. ಇನ್ನು "ಮೇಲ್ ಬರಲಿಲ್ಲ, ಸೂಚನೆ ಬರಲಿಲ್ಲ" ಎಂಬ ದೂರು ಒಮ್ಮೆಲೇ ಎಲ್ಲೆಡೆಯಿಂದ ಶುರುವಾದರೆ ಮೊದಲು ನೋಡಬೇಕಾದ್ದು ಕ್ರಾನ್, ಅಂದರೆ ನಿಗದಿತ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ಸರ್ವರ್‌ನ ವ್ಯವಸ್ಥೆ. ಮೂಡಲ್‌ನಲ್ಲಿ ಅದು ನಿಮಿಷಕ್ಕೊಮ್ಮೆ ಓಡಬೇಕು. ಸರ್ವರ್ ಮರುಚಾಲನೆ ಆದಮೇಲೆ ಅದು ನಿಂತೇ ಇರುವುದು ಎಷ್ಟೋ ಕಡೆ ವಾರದವರೆಗೆ ಯಾರಿಗೂ ಗೊತ್ತಾಗುವುದಿಲ್ಲ.